ವಾಲ್ವ್ ಬಗ್ಗೆ ಕೇಳಿದಿರಿ, ಅದು ಹೋಗುವ ದಾರಿಯ ಬಗ್ಗೆಯೂ ಕೇಳಿ

ಓದುಗರ ಪ್ರಶ್ನೆ: ನನ್ನ ಅಮ್ಮನಿಗೆ 76 ವರ್ಷ, ತೂಕ 46 ಕೆ.ಜಿ. ತೀರ್ಥಹಳ್ಳಿ ಹತ್ತಿರ ಹಳ್ಳಿಯಲ್ಲಿದ್ದಾರೆ. ಒಂದು ವರ್ಷದಿಂದ ತೋಟದಿಂದ ಮನೆಗೆ ಏರು ಹತ್ತುವಾಗ ಏದುಸಿರು ಬರುತ್ತಿತ್ತು. ವಯಸ್ಸಾಯ್ತು ಅಂದುಕೊಂಡೆವು. ಹೋದ ತಿಂಗಳು ಬಾವಿಕಟ್ಟೆ ಹತ್ತಿರ ಕಣ್ಣು ಕತ್ತಲೆ ಬಂದು ಬಿದ್ದರು. ಎಕೋದಲ್ಲಿ ಅಯೋರ್ಟಿಕ್ ವಾಲ್ವ್ ತುಂಬಾ ಕಿರಿದಾಗಿದೆ, ಏರಿಯಾ 0.7, ಗ್ರೇಡಿಯಂಟ್ 52 ಎಂದು ಬಂತು. ಒಬ್ಬ ಡಾಕ್ಟರು ತೊಡೆಯ ರಕ್ತನಾಳದಿಂದ ಹೊಸ ವಾಲ್ವ್ ಕೂರಿಸೋಣ, ಟಾವಿ ಅಂತ, ಕೊಡೆ ಮಡಚಿ ಒಳಗೆ ಹೋಗಿ ಬಿಚ್ಚಿದ ಹಾಗೆ ಎಂದರು. ಸಿ.ಟಿ. ಮಾಡಿಸಿದೆವು. ಬಲಗಾಲಿನ ನಾಳ 5.2 ಮಿ.ಮೀ., ಎಡಗಾಲಿನದು 5.8, ಎರಡರಲ್ಲೂ ಕ್ಯಾಲ್ಸಿಯಂ ಇದೆ, ವಾಲ್ವ್ ಕೂರುವ ಬಳೆ 380 ಚದರ ಮಿ.ಮೀ. ಎಂದಿದೆ. ಇಸಿಜಿಯಲ್ಲಿ ಬಲಗಡೆ ಬಂಡಲ್ ಬ್ಲಾಕ್ ಎಂದು ಬರೆದಿದ್ದಾರೆ. ಎರಡನೇ ಡಾಕ್ಟರು ಇವೆಲ್ಲ ನೋಡಿ, "ಕಾಲಿನ ನಾಳ ಸಣ್ಣದು, ಎದೆ ತೆರೆದು ಆಪರೇಷನ್ ಮಾಡಿಸಿ" ಎನ್ನುತ್ತಾರೆ. ಅಣ್ಣ ಮಾತ್ರೆಯಲ್ಲೇ ನೋಡೋಣ ಅನ್ನುತ್ತಾನೆ. ಕ್ಯಾಲ್ಸಿಯಂ ಅಂದಿದ್ದಕ್ಕೆ ರಾಗಿ, ಹಾಲು ನಿಲ್ಲಿಸಿದ್ದೇವೆ. ನೆಂಟರೊಬ್ಬರು ಇಂಥ ವಾಲ್ವ್ ಕೆಲವು ತಿಂಗಳಲ್ಲಿ ಜಾರಿಬಿಡುತ್ತದೆ ಎಂದು ಹೆದರಿಸಿದ್ದಾರೆ. ಎಸ್ಟಿಮೇಟಿನಲ್ಲಿ "ಡೆಲಿವರಿ ಸಿಸ್ಟಮ್" ಎಂದು ಬೇರೆ ಸಾಲಿದೆ, ಅದೇನು? ಕೊನೆಯದಾಗಿ, ವಾಲ್ವ್ ದನದ ಚರ್ಮದ್ದು ಅಂತ ಅಮ್ಮನಿಗೆ ಯಾರೋ ಹೇಳಿದ್ದಾರೆ. ಅಂದಿನಿಂದ ಬೇಡವೇ ಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿವೆ. ಆದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಒಂದೇ. ಇಬ್ಬರು ಡಾಕ್ಟರು ಒಂದೇ ಸಿ.ಟಿ. ನೋಡಿ ಎರಡು ಮಾತು ಹೇಳಿದ್ದಾರೆ, ಯಾರನ್ನು ನಂಬುವುದು ಅಂತ. ಅಲ್ವಾ? ಅವರಿಬ್ಬರೂ ಜಗಳವಾಡುತ್ತಿರುವುದು ವಾಲ್ವ್ ಬಗ್ಗೆ ಅಲ್ಲ ಎಂಬುದನ್ನು ಗಮನಿಸಿ. ಅದು ಹೋಗಬೇಕಾದ ದಾರಿಯ ಬಗ್ಗೆ. ರಕ್ತನಾಳದ ಮೂಲಕ ಹೃದಯಕ್ಕೆ ಚಿಕಿತ್ಸೆ ಮಾಡುವ ಕ್ಯಾತ್‌ಲ್ಯಾಬಿನಲ್ಲಿ ಇಪ್ಪತ್ತು ವರ್ಷ ನಿಂತ ಮೇಲೆ ನನಗೂ ಅದೇ ಅನ್ನಿಸುತ್ತದೆ. ವಾಲ್ವ್ ಕೈಕೊಟ್ಟಿದ್ದು ಕಡಿಮೆ. ದಾರಿ ಕೈಕೊಟ್ಟಿದ್ದು ಜಾಸ್ತಿ.

ಮೊದಲು ಅಣ್ಣನ ಮಾತನ್ನು ಬದಿಗಿಡೋಣ, ಯಾಕೆಂದರೆ ಅದಕ್ಕೆ ಉತ್ತರ ಸುಲಭ. ಅಯೋರ್ಟಿಕ್ ವಾಲ್ವ್ ಅಂದರೆ ಹೃದಯದಿಂದ ರಕ್ತ ಮೈಗೆಲ್ಲ ಹೊರಡುವ ಬಾಗಿಲು. ಆರೋಗ್ಯವಂತರಲ್ಲಿ ಅದು 3ರಿಂದ 4 ಚದರ ಸೆಂ.ಮೀ. ತೆರೆದುಕೊಳ್ಳುತ್ತದೆ. 1ಕ್ಕಿಂತ ಕಡಿಮೆಯಾದರೆ ತೀವ್ರ ಎನ್ನುತ್ತೇವೆ. ಅಮ್ಮನದು 0.7. ಗ್ರೇಡಿಯಂಟ್ ಅಂದರೆ ಬಾಗಿಲಿನ ಆಚೀಚೆಯ ಒತ್ತಡದ ವ್ಯತ್ಯಾಸ. ಅದು 40 ದಾಟಿದರೆ ತೀವ್ರ, ಅವರದು 52. ಅಂದರೆ ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಬಿಪಿಯ ಮೇಲೆ ಇನ್ನೂ ಅಷ್ಟು ಒತ್ತಡವನ್ನು ಹೃದಯ ಪ್ರತಿ ಬಡಿತಕ್ಕೂ ಹೆಚ್ಚಿಗೆ ಹಾಕಬೇಕು. ಬಾಗಿಲೇ ಬಿಗಿದಿರುವಾಗ ಮಾತ್ರೆ ಏನು ಮಾಡೀತು? ಮೈಯ ನೀರಿಳಿಸುವ ಮಾತ್ರೆ ಏದುಸಿರನ್ನು ಸ್ವಲ್ಪ ಇಳಿಸುತ್ತದೆ, ಅಷ್ಟೇ. ಕೊಲೆಸ್ಟರಾಲ್ ಮಾತ್ರೆಯಿಂದ ವಾಲ್ವಿನ ಗಡಸು ನಿಲ್ಲಬಹುದೆಂದು ದೊಡ್ಡ ಪ್ರಯೋಗ ಮಾಡಿ ನೋಡಿದ್ದಾರೆ, ನಿಲ್ಲಲಿಲ್ಲ.

ಕಾದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕ ಇದೆ. 2010ರಲ್ಲಿ ಪ್ರಕಟವಾದ ಪಾರ್ಟ್‌ನರ್ ಎಂಬ ಪ್ರಯೋಗದಲ್ಲಿ ಎದೆ ತೆರೆಯಲು ಸಾಧ್ಯವೇ ಇಲ್ಲ ಎಂದು ಕೈಬಿಟ್ಟ ರೋಗಿಗಳಿದ್ದರು. ಮಾತ್ರೆ ಮತ್ತು ಆಗಿನ ಮಾಮೂಲಿ ಉಪಚಾರದಲ್ಲಿ ಉಳಿದವರಲ್ಲಿ ಒಂದು ವರ್ಷದೊಳಗೆ 100ಕ್ಕೆ 50.7 ಜನ ತೀರಿಕೊಂಡರು. ಟಾವಿ ಆದವರಲ್ಲಿ 30.7. ಅವರೆಲ್ಲ ನಿಮ್ಮ ಅಮ್ಮನಿಗಿಂತ ತುಂಬಾ ಹದಗೆಟ್ಟಿದ್ದವರು, ಆ ಅಂಕಿಯನ್ನು ಹಾಗೇ ತಂದು ಇವರಿಗೆ ಅಂಟಿಸಬೇಡಿ. ಆದರೆ ಕಣ್ಣು ಕತ್ತಲೆ ಬಂದು ಬಿದ್ದ ಮೇಲೆ ಈ ಕಾಯಿಲೆ ಸುಮ್ನೆ ಕೂರುವುದಿಲ್ಲ ಎಂಬುದು ಮಾತ್ರ ಇವರಿಗೂ ನಿಜ.

ರಾಗಿಯ ವಿಷಯ. ದಯವಿಟ್ಟು ಇವತ್ತೇ ಮತ್ತೆ ಶುರು ಮಾಡಿ. ವಾಲ್ವಿನಲ್ಲಿ ಕಟ್ಟಿಕೊಂಡ ಕ್ಯಾಲ್ಸಿಯಂ ತಟ್ಟೆಯಿಂದ ಹೋಗಿ ಕೂತಿದ್ದಲ್ಲ. ಎಪ್ಪತ್ತು ವರ್ಷ ಬಡಿದು ಬಡಿದು ಸವೆದ ವಾಲ್ವಿನ ಎಲೆಗಳು, ಅಂದರೆ ಆ ಬಾಗಿಲಿನ ತೆಳು ರೆಕ್ಕೆಗಳು, ಗಾಯವಾಗಿ, ಮೈ ತಾನೇ ಅಲ್ಲಿ ಮೂಳೆಯಂಥ ಗಡಸನ್ನು ಕಟ್ಟಿಕೊಂಡಿದ್ದು. ಹಾಲು ಬಿಟ್ಟರೆ ಅದು ಕರಗುವುದಿಲ್ಲ. 46 ಕೆ.ಜಿ. ಇರುವವರು ಚಿಕಿತ್ಸೆಗೆ ಮುಂಚೆ ಇನ್ನಷ್ಟು ಸೊರಗಿದರೆ ಅದೇ ಬೇರೆ ತೊಂದರೆ.

ಇನ್ನು ಆ ಕೊಡೆಯ ಹೋಲಿಕೆ. ಅದು ಅರ್ಧ ಸರಿ. ನಮ್ಮಲ್ಲಿ ಬಳಕೆಯಲ್ಲಿರುವ ಟಾವಿ ವಾಲ್ವ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಲೋಹದ ಬಲೆಯೊಳಗೆ ಮೂರು ಎಲೆ ಹೊಲಿದಿರುತ್ತದೆ. ಅದನ್ನು ಬಲೂನಿನ ಮೇಲೆ ಒತ್ತಿ ಕೂರಿಸಿ, ಒಳಗೆ ಹೋದ ಮೇಲೆ ಬಲೂನು ಊದಿ ಅರಳಿಸುತ್ತೇವೆ. ಒಮ್ಮೆ ಅರಳಿತು ಅಂದರೆ ಮುಗೀತು, ಮತ್ತೆ ಮಡಚಲು ಬರುವುದಿಲ್ಲ. ಇದು ಕೊಡೆ ಅಲ್ಲವೇ ಅಲ್ಲ. ಇನ್ನೊಂದು ನೈಟಿನಾಲ್ ಎಂಬ ಲೋಹದ್ದು. ತಣ್ಣಗಿನ ಉಪ್ಪುನೀರಿನಲ್ಲಿ ಅದು ಮೆತ್ತಗಾಗಿ ಮಡಚಿಕೊಳ್ಳುತ್ತದೆ, ಮೈಯ ಬಿಸಿಗೆ ತನ್ನ ಹಳೇ ಆಕಾರ ನೆನಪಿಸಿಕೊಂಡು ತಾನೇ ಅರಳುತ್ತದೆ. ಇದನ್ನು ಒಂದು ಸಣ್ಣ ಕೋಶದೊಳಗೆ ಮುಚ್ಚಿ ಒಯ್ಯುತ್ತೇವೆ. ಕೈಯಲ್ಲಿರುವ ಹಿಡಿಯ ತಿರುಗಣೆ ತಿರುಗಿಸಿದಂತೆ ಕೋಶ ಹಿಂದೆ ಸರಿದು ವಾಲ್ವ್ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಕೂತ ಜಾಗ ಸರಿಯಿಲ್ಲ ಅನ್ನಿಸಿದರೆ, ಸುಮಾರು ಮುಕ್ಕಾಲು ಭಾಗ ಬಿಚ್ಚಿದ ಮೇಲೂ ಕೆಲವು ಮಾದರಿಗಳನ್ನು ಮತ್ತೆ ಒಳಗೆಳೆದುಕೊಂಡು ಸರಿಪಡಿಸಬಹುದು. ಇದಕ್ಕೆ ಕೊಡೆ ಅನ್ನಿ, ಒಪ್ಪುತ್ತೇನೆ.

ಎಸ್ಟಿಮೇಟಿನಲ್ಲಿ ನೀವು ಕಂಡ "ಡೆಲಿವರಿ ಸಿಸ್ಟಮ್" ಇದೇ. ವಾಲ್ವನ್ನು ಹೊತ್ತೊಯ್ಯುವ ಉದ್ದನೆಯ ತೆಳು ಕೊಳವೆ, ಅಂದರೆ ಕ್ಯಾತೆಟರ್, ಅದರ ತುದಿಯ ಬಲೂನು ಅಥವಾ ಕೋಶ, ಈಚೆ ತುದಿಯಲ್ಲಿ ನಮ್ಮ ಕೈಗೆ ಸಿಗುವ ಹಿಡಿ. ಜೊತೆಗೆ ತೊಡೆಯ ನಾಳದಲ್ಲಿ ಕೂರುವ ಹೊರಗಿನ ಕೊಳವೆ. ಅದಕ್ಕೆ ಶೀತ್ ಎನ್ನುತ್ತೇವೆ. ಇದನ್ನು ಒಬ್ಬ ರೋಗಿಗೆ ಒಮ್ಮೆ ಮಾತ್ರ ಬಳಸಬೇಕು. ಇದನ್ನು ಒತ್ತಿ ಹೇಳಲು ಕಾರಣ ಇದೆ. ಆಂಜಿಯೋಪ್ಲಾಸ್ಟಿಯ ಬಲೂನುಗಳನ್ನು ತೊಳೆದು ಮತ್ತೆ ಬಳಸುವ ರೂಢಿ ನಮ್ಮ ದೇಶದಲ್ಲಿ ಇತ್ತು, ಜನರಿಗೆ ಅದು ಗೊತ್ತು. ಟಾವಿಯಲ್ಲಿ ಆ ಪ್ರಶ್ನೆಯೇ ಏಳಬಾರದು. ಈ ಕ್ಯಾತೆಟರ್ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಅಯೋರ್ಟಾದ ಕಮಾನಿನಲ್ಲಿ ಬಾಗಿ ನುಗ್ಗಬೇಕು, ಬಲೂನು ಇಷ್ಟೇ ದಪ್ಪಕ್ಕೆ ಊದಬೇಕು. ಒಮ್ಮೆ ಬಳಸಿದ್ದರಲ್ಲಿ ಆ ಭರವಸೆ ಇಲ್ಲ. ವಾಲ್ವ್, ಡೆಲಿವರಿ ಸಿಸ್ಟಮ್ ಎರಡರ ಸ್ಟಿಕರ್‌ಗಳನ್ನೂ ಡಿಸ್ಚಾರ್ಜ್ ಕಾಗದದ ಜೊತೆ ಕೇಳಿ ಪಡೆಯಿರಿ. ಕೇಳುವುದು ನಿಮ್ಮ ಹಕ್ಕು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ದಾರಿಗೆ ಬರೋಣ. ಕ್ಯಾತೆಟರ್‌ಗಳ ದಪ್ಪವನ್ನು ನಾವು ಫ್ರೆಂಚ್ ಎಂಬ ಅಳತೆಯಲ್ಲಿ ಹೇಳುತ್ತೇವೆ. 3 ಫ್ರೆಂಚ್ ಅಂದರೆ 1 ಮಿ.ಮೀ. ಡೆನ್ಮಾರ್ಕಿನ ಹೆನಿಂಗ್ ಆಂಡರ್ಸನ್ 1989ರಲ್ಲಿ ಮೊದಲ ಬಾರಿಗೆ ಹಂದಿಯಲ್ಲಿ ಇಂಥ ವಾಲ್ವ್ ಕೂರಿಸಿದಾಗ ಅವರ ಕೊಳವೆ 41 ಫ್ರೆಂಚ್ ಇತ್ತು, ಹತ್ತಿರಹತ್ತಿರ 14 ಮಿ.ಮೀ. ಮನುಷ್ಯರ ಕಾಲಿನ ನಾಳದಲ್ಲಿ ಅದು ಹೋಗುವ ಮಾತೇ ಇಲ್ಲ. 2002ರ ಏಪ್ರಿಲ್ 16ರಂದು ಫ್ರಾನ್ಸಿನ ರೂವಾನಿನಲ್ಲಿ ಅಲೆನ್ ಕ್ರಿಬಿಯೇ ಮೊದಲ ಬಾರಿ ಮನುಷ್ಯನಿಗೆ ಕೂರಿಸಿದಾಗ 24 ಫ್ರೆಂಚ್.

ಆ ಮೊದಲ ರೋಗಿಯ ಕಥೆ ನಿಮಗೆ ಹೇಳಲೇಬೇಕು. ಆತನಿಗೆ 57 ವರ್ಷ, ಸಾವಿನ ಅಂಚಿನಲ್ಲಿದ್ದ. ಕಾಲಿನ ನಾಳಗಳು ಕಟ್ಟಿಹೋಗಿದ್ದರಿಂದ ಆ ದಾರಿಯಲ್ಲಿ ಹೋಗಲು ಆಗಲಿಲ್ಲ. ಕ್ರಿಬಿಯೇ ತೊಡೆಯ ಅಶುದ್ಧ ರಕ್ತದ ನಾಳದಿಂದ ಹೊರಟು, ಹೃದಯದ ಬಲ ಎಡ ಕೋಣೆಗಳ ನಡುವಿನ ಗೋಡೆ ದಾಟಿ, ಸುತ್ತು ಬಳಸಿ ವಾಲ್ವ್ ತಲುಪಿಸಿದರು. ವಾಲ್ವ್ ಕೂತಿತು, ಬಿಪಿ ಏರಿತು. ಆದರೆ ನಾಲ್ಕು ತಿಂಗಳಾಗುವ ಹೊತ್ತಿಗೆ ಆತ ತೀರಿಕೊಂಡ. ವಾಲ್ವ್ ಕೆಟ್ಟಿದ್ದರಿಂದಲ್ಲ, ಕಾಲಿನ ತೊಂದರೆ ಬೆಳೆದು. ನೋಡಿ, ಮೊದಲ ರೋಗಿಯಲ್ಲೇ ಕಥೆ ದಾರಿಯದ್ದೇ ಆಗಿತ್ತು.

ಈಗ ಹೆಚ್ಚು ಬಳಕೆಯ ಸಣ್ಣ, ಮಧ್ಯಮ ಅಳತೆಯ ವಾಲ್ವ್‌ಗಳಿಗೆ 14 ಫ್ರೆಂಚ್ ಸಾಕು. ಇಲ್ಲಿ ಒಂದು ಸಣ್ಣ ಮೋಸ ಇದೆ. 14 ಅನ್ನುವುದು ಕೊಳವೆಯ ಒಳಗಿನ ಅಳತೆ. ಹೊರಗಿನ ದಪ್ಪ ಸುಮಾರು 6 ಮಿ.ಮೀ. ಆಗುತ್ತದೆ. ವಾಲ್ವ್ ಹಾದುಹೋಗುವ ಕ್ಷಣಕ್ಕೆ ಮಾತ್ರ ಹಿಗ್ಗಿ ಮತ್ತೆ ಕುಗ್ಗುವ ಶೀತ್ ಕೂಡ ಇವೆ. ಕಂಪನಿಗಳು ಮಾದರಿ ನೋಡಿಕೊಂಡು ಕಾಲಿನ ನಾಳ ಕನಿಷ್ಠ 5 ಅಥವಾ 5.5 ಮಿ.ಮೀ. ಇರಬೇಕು ಎನ್ನುತ್ತವೆ. ಅಮ್ಮನ ಎಡಗಾಲಿನ 5.8 ಆ ಗೆರೆಯ ಒಳಗೇ ಇದೆ. ಬಲಗಾಲಿನ 5.2 ಗೆರೆಯ ಮೇಲೆ ತೂಗಾಡುತ್ತಿದೆ.

6 ಮಿ.ಮೀ. ಕೊಳವೆ 5.8ರಲ್ಲಿ ಹೇಗೆ ಹೋಗುತ್ತದೆ ಅಂತ ಕೇಳುತ್ತೀರಿ. ಬಳೆಗಾರ ಬಳೆ ತೊಡಿಸುವುದನ್ನು ನೋಡಿದ್ದೀರಲ್ಲ? ಕೈ ಮೆತ್ತಗಿದ್ದರೆ ಒಂದು ಅಳತೆ ಸಣ್ಣ ಬಳೆಯೂ ಏರುತ್ತದೆ. ಕೆಲಸ ಮಾಡಿ ಒರಟಾದ ಕೈಗೆ ಸರಿ ಅಳತೆಯದೂ ಕಷ್ಟ. ನಾಳವೂ ಹಾಗೇ. ಮೆತ್ತಗಿದ್ದರೆ ಅರ್ಧ ಮಿ.ಮೀ. ಹಿಗ್ಗಿ ಜಾಗ ಕೊಡುತ್ತದೆ. ಕ್ಯಾಲ್ಸಿಯಂ ಸುತ್ತಲೂ ಪೂರ್ತಿ ಉಂಗುರದಂತೆ ಕಟ್ಟಿದ್ದರೆ ಹಿಗ್ಗುವುದಿಲ್ಲ, ಹರಿಯುತ್ತದೆ. ಹಾಗಾಗಿ 5.8 ಎಂಬ ಒಂದು ಅಂಕಿಯಿಂದ ತೀರ್ಮಾನ ಆಗುವುದಿಲ್ಲ. ಕ್ಯಾಲ್ಸಿಯಂ ಒಂದು ಬದಿಗೆ ಲಾಳದಂತೆ ಇದೆಯೋ, ಉಂಗುರದಂತೆ ಇದೆಯೋ? ತೊಡೆಸಂದಿಯಲ್ಲಿ ಸೂಜಿ ಹಾಕುವ ಜಾಗದಲ್ಲಿ ನಾಳದ ಮುಂಗೋಡೆ ಕ್ಯಾಲ್ಸಿಯಂ ಇಲ್ಲದೆ ಶುದ್ಧವಾಗಿದೆಯೋ? ಹೊಟ್ಟೆಯೊಳಗೆ ನಾಳ ಹಾವಿನಂತೆ ತಿರುಚಿದೆಯೋ? ತಿರುಚಿದ್ದರೂ ಮೆತ್ತಗಿದ್ದರೆ ಗಟ್ಟಿ ತಂತಿ ಹಾಕಿದಾಗ ನೆಟ್ಟಗಾಗುತ್ತದೆ. ತಿರುಚಿ ಗಡಸೂ ಆಗಿದ್ದರೆ ಅದು ಕೆಟ್ಟ ಜೋಡಿ. ಇಬ್ಬರು ಡಾಕ್ಟರ ಮಾತು ಬೇರೆಯಾಗಿದ್ದು ಇಲ್ಲೇ ಇರಬೇಕು. ಒಬ್ಬರು ಅಂಕಿ ನೋಡಿರಬಹುದು, ಇನ್ನೊಬ್ಬರು ಗಡಸು ನೋಡಿರಬಹುದು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಸುಮಾರು ವರ್ಷಗಳ ಹಿಂದೆ, ನಿಮ್ಮ ಅಮ್ಮನಷ್ಟೇ ಸಣ್ಣ ಮೈಯ ಒಬ್ಬ ಅಜ್ಜಿ. ನಾಳ ಸಾಕಷ್ಟು ಅಗಲ ಇತ್ತು. ಉಂಗುರದ ಕ್ಯಾಲ್ಸಿಯಂ ಇದ್ದಿದ್ದನ್ನು ನಾನು ಲಘುವಾಗಿ ತೆಗೆದುಕೊಂಡೆ. ಶೀತ್ ಸ್ವಲ್ಪ ಬಿಗಿಯಾಗೇ ಒಳಗೆ ಹೋಯಿತು. ವಾಲ್ವ್ ಚಿತ್ರದಲ್ಲಿ ಬರೆದ ಹಾಗೆ ಕೂತಿತು. ಎಲ್ಲರೂ ನಿರಾಳ. ಶೀತ್ ಹೊರಗೆ ತೆಗೆಯುತ್ತಿದ್ದಂತೆ ಬಿಪಿ ಕುಸಿಯಿತು. ಹೊಟ್ಟೆಯೊಳಗೆ ನಾಳ ಹರಿದಿತ್ತು. ಪಕ್ಕದ ಥಿಯೇಟರಿನಲ್ಲಿ ರಕ್ತನಾಳದ ಸರ್ಜನ್ ಇದ್ದರು. ಇನ್ನೊಂದು ಕಾಲಿನಿಂದ ಬಲೂನು ಕಳಿಸಿ ರಕ್ತ ತಡೆದು, ಬಟ್ಟೆ ಹೊದಿಸಿದ ಸ್ಟೆಂಟ್ ಹಾಕಿ ಅಜ್ಜಿಯನ್ನು ಉಳಿಸಿಕೊಂಡೆವು. ಮೂರು ದಿನದಲ್ಲಿ ಮನೆಗೆ ಹೋಗಬೇಕಿದ್ದವರು ಮೂರು ವಾರ ಇದ್ದರು. ಆಮೇಲಿಂದ ನಾನು ಸಿ.ಟಿ.ಯಲ್ಲಿ ವಾಲ್ವ್ ನೋಡುವುದಕ್ಕೆ ಮೊದಲು ಕಾಲು ನೋಡುತ್ತೇನೆ.

ಹಾಗಾದರೆ ಎರಡನೇ ಡಾಕ್ಟರು ಹೇಳಿದ್ದೇ ಸರಿಯೇ? ಅಷ್ಟು ಬೇಗ ಬೇಡ. ದಾರಿ ಇಕ್ಕಟ್ಟಾದರೆ ಈಗ ಉಪಾಯಗಳಿವೆ. ಆಘಾತದ ಅಲೆ ಹೊರಡಿಸುವ ಒಂದು ಬಗೆಯ ಬಲೂನು ಇದೆ, ಮೂತ್ರಪಿಂಡದ ಕಲ್ಲು ಒಡೆಯುವ ತತ್ವವೇ. ಕಾಲಿನ ನಾಳದಲ್ಲಿ ಅದನ್ನು ಇಟ್ಟು ಕ್ಯಾಲ್ಸಿಯಂ ಉಂಗುರವನ್ನು ಬಿರುಕು ಬಿಡಿಸಿದರೆ ಗೋಡೆಗೆ ಮತ್ತೆ ಹಿಗ್ಗುವ ಗುಣ ಬರುತ್ತದೆ. ಅದರ ಬೆಲೆ ಬೇರೆ ಸೇರುತ್ತದೆ, ಅದನ್ನು ಮೊದಲೇ ಕೇಳಿ. ಎರಡನೆಯದು, ಭುಜದ ಕೆಳಗಿನ ಅಥವಾ ಕುತ್ತಿಗೆಯ ನಾಳದಿಂದ ಹೋಗುವುದು. ಪಳಗಿದವರಿದ್ದರೆ ಇದೂ ಒಳ್ಳೆಯ ದಾರಿಯೇ. ಹಿಂದೆ ಪಕ್ಕೆ ಸೀಳಿ ಹೃದಯದ ತುದಿಯಿಂದಲೂ ಹಾಕುತ್ತಿದ್ದೆವು. ಕ್ಷೀಣವಾದ ಮುದುಕರಿಗೆ ಅದು ಭಾರವಾಯಿತು, ಈಗ ತುಂಬಾ ಕಡಿಮೆಯಾಗಿದೆ. ಯಾರಾದರೂ ಅದನ್ನೇ ಮೊದಲ ಆಯ್ಕೆಯಾಗಿ ಹೇಳಿದರೆ ಯಾಕೆ ಎಂದು ಕೇಳಿ.

ಎದೆ ತೆರೆಯುವ ಆಪರೇಷನ್ನನ್ನು ಭೂತ ಮಾಡಬೇಡಿ. ಅದು ದಶಕಗಳ ಪಳಗಿದ ಕೆಲಸ. ವಾಲ್ವಿನ ಜೊತೆ ಹೃದಯದ ನಾಳಗಳಲ್ಲಿ ಹಲವು ಬ್ಲಾಕ್ ಇದ್ದರೆ, ಹುಟ್ಟಿನಿಂದಲೇ ವಾಲ್ವಿಗೆ ಎರಡೇ ಎಲೆ ಇದ್ದು ಆಕಾರ ಕೆಟ್ಟಿದ್ದರೆ, ಅಯೋರ್ಟಾ ಉಬ್ಬಿದ್ದರೆ ನಾನೇ ಸರ್ಜನ್ ಹತ್ತಿರ ಕಳಿಸುತ್ತೇನೆ. 60 ವರ್ಷದವರಿಗೂ ಸಾಮಾನ್ಯವಾಗಿ ಅದೇ ಸರಿ. ಆದರೆ ಎದೆಮೂಳೆ ಕೊಯ್ದು, ಹೃದಯ ನಿಲ್ಲಿಸಿ, ಯಂತ್ರದ ಮೇಲೆ ರಕ್ತ ಓಡಿಸುವ ಕೆಲಸ ಅದು. ಚೇತರಿಕೆಗೆ ಎರಡು ಮೂರು ತಿಂಗಳು ಬೇಕು. ಅಮೆರಿಕದ ಮಾರ್ಗಸೂಚಿ 65ರಿಂದ 80ರ ನಡುವೆ ಎರಡೂ ಸರಿ, ಕೂತು ಮಾತಾಡಿ ನಿರ್ಧರಿಸಿ ಎನ್ನುತ್ತದೆ. ಯುರೋಪಿನದು 2021ರಲ್ಲೇ 75 ದಾಟಿದವರಿಗೆ ಟಾವಿಯ ಕಡೆ ವಾಲಿತು. ಆದರೆ ಆ ಮಾತಿಗೂ ಒಂದು ಷರತ್ತು ಇದೆ: ಕಾಲಿನ ದಾರಿ ಸರಿಯಿರಬೇಕು. 76 ವರ್ಷ, 46 ಕೆ.ಜಿ.ಯ ನಿಮ್ಮ ಅಮ್ಮನಿಗೆ ಎಡಗಾಲಿನ ಕ್ಯಾಲ್ಸಿಯಂ ಉಂಗುರವಾಗಿಲ್ಲದಿದ್ದರೆ ನಾನು ಟಾವಿ ಎನ್ನುತ್ತೇನೆ. ಉಂಗುರವಾಗಿದ್ದು, ಆಘಾತದ ಬಲೂನಾಗಲಿ ಭುಜದ ದಾರಿಯಾಗಲಿ ಆ ಆಸ್ಪತ್ರೆಯಲ್ಲಿ ಅಭ್ಯಾಸ ಇಲ್ಲದಿದ್ದರೆ, ಒಂದೋ ಆಸ್ಪತ್ರೆ ಬದಲಿಸಿ, ಇಲ್ಲವೇ ಆಪರೇಷನ್ನಿಗೆ ಒಪ್ಪಿ.

ಬರೀ ಬಲೂನು ಊದಿ ವಾಲ್ವ್ ಹಿಗ್ಗಿಸುವ ಇನ್ನೊಂದು ಕೆಲಸವೂ ಇದೆ. ಕಡಿಮೆ ಖರ್ಚು ಎಂದು ಯಾರಾದರೂ ಹೇಳಿಯಾರು. ಅದನ್ನೂ 1985ರಲ್ಲಿ ಶುರು ಮಾಡಿದ್ದು ಕ್ರಿಬಿಯೇ ಅವರೇ. ಆರು ತಿಂಗಳು, ವರ್ಷದಲ್ಲಿ ಮತ್ತೆ ಬಿಗಿಯುತ್ತದೆ ಎಂದು ಬೇಸತ್ತೇ ಅವರು ಟಾವಿಗೆ ಹೊರಟಿದ್ದು. ತುರ್ತಿನಲ್ಲಿ ಜೀವ ಹಿಡಿದಿಡಲು ಮಾತ್ರ ಅದು.

ವಾಲ್ವ್ ಜಾರುವ ಭಯ. ನಿಮ್ಮ ನೆಂಟರು ಕೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಕಾಲ ತಪ್ಪಿದೆ. ವಾಲ್ವ್ ಜಾರುವುದಾದರೆ ಸಾಮಾನ್ಯವಾಗಿ ಟೇಬಲ್ ಮೇಲೆ, ಬಿಟ್ಟ ಮೊದಲ ನಿಮಿಷಗಳಲ್ಲೇ ಜಾರುತ್ತದೆ. ಅದೂ ಅಪರೂಪ, ಆದರೆ ಅಲ್ಲೇ ಕಣ್ಣೆದುರು ಗೊತ್ತಾಗುತ್ತದೆ. ಕೂತ ವಾಲ್ವ್ ತಿಂಗಳುಗಟ್ಟಲೆ ಕಳೆದ ಮೇಲೆ ಕಿತ್ತು ಬರುವುದು ವಿರಳಾತಿವಿರಳ. ಹಳೆಯ ವಾಲ್ವನ್ನು ನಾವು ತೆಗೆಯುವುದಿಲ್ಲ, ಗೋಡೆಗೆ ಒತ್ತಿ ಅದರೊಳಗೆ ಹೊಸದನ್ನು ಅರಳಿಸುತ್ತೇವೆ. ತಮಾಷೆ ಏನೆಂದರೆ, ಅಮ್ಮನಿಗೆ ಇಷ್ಟು ಕಾಟ ಕೊಟ್ಟ ಕ್ಯಾಲ್ಸಿಯಂ ಹೊಸ ವಾಲ್ವನ್ನು ಕಚ್ಚಿ ಹಿಡಿಯುವ ಹಲ್ಲಿನ ಹಾಗೆ ಕೆಲಸ ಮಾಡುತ್ತದೆ. ಬಲೂನಿನ ವಾಲ್ವ್ ಆದರೆ ಅರಳಿಸುವ ಕೆಲವು ಕ್ಷಣ ಹೃದಯವನ್ನು ನಿಮಿಷಕ್ಕೆ 180ರ ಮೇಲೆ ಓಡಿಸುತ್ತೇವೆ. ಅಷ್ಟು ವೇಗದಲ್ಲಿ ಅದು ನಡುಗುತ್ತದೆಯೇ ಹೊರತು ರಕ್ತ ದೂಡುವುದಿಲ್ಲ. ವಾಲ್ವ್ ತಳ್ಳಿಹೋಗದಿರಲಿ ಎಂದೇ ಈ ಏರ್ಪಾಡು.

ನಿಜವಾದ ಅಪಾಯಗಳ ಪೈಕಿ ದಾರಿಯ ಗಾಯ ಹೇಳಿಯಾಯಿತು. ಸ್ಟ್ರೋಕ್ 100ಕ್ಕೆ ಎರಡು ಮೂರು ಜನರಿಗೆ ಆಗಬಹುದು. ಗಟ್ಟಿ ವಾಲ್ವ್ ಮೇಲೆ ತಂತಿ, ಬಲೂನು ಉಜ್ಜುವಾಗ ಪುಡಿ ಎದ್ದು ಮಿದುಳಿಗೆ ಹೋಗುವುದರಿಂದ. ಆ ಪುಡಿ ಹಿಡಿಯುವ ಜರಡಿ ಎಂದು ಒಂದು ಉಪಕರಣ ತೋರಿಸುತ್ತಾರೆ. ದೊಡ್ಡ ಪ್ರಯೋಗದಲ್ಲಿ ಒಟ್ಟು ಸ್ಟ್ರೋಕ್ ಕಡಿಮೆಯಾಗಿದ್ದು ಸಾಬೀತಾಗಲಿಲ್ಲ. ಹಣ ಬಿಗಿ ಇದ್ದರೆ ಅದಕ್ಕಾಗಿ ಸಾಲ ಮಾಡಬೇಡಿ. ವಾಲ್ವಿನ ಸುತ್ತ ಸ್ವಲ್ಪ ಸೋರುವುದು, ಬಣ್ಣದ ಔಷಧದಿಂದ ಕಿಡ್ನಿಗೆ ತೊಂದರೆ, ಇವೂ ಇವೆ. ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಎಷ್ಟಿದೆ ಎಂದು ನೀವು ಬರೆದಿಲ್ಲ, ಡಾಕ್ಟರಿಗೆ ಖಂಡಿತ ತೋರಿಸಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಇಸಿಜಿಯ ಸಾಲಿನಲ್ಲಿ. ಹೃದಯ ಬಡಿಯಲು ಹೋಗುವ ಕರೆಂಟಿನ ತಂತಿ ಈ ವಾಲ್ವಿನ ಬುಡದಲ್ಲೇ, ಚರ್ಮದ ಕೆಳಗಿನ ನರದಷ್ಟು ಹತ್ತಿರ ಹಾದುಹೋಗುತ್ತದೆ. ಮುಂದೆ ಅದು ಎರಡು ಕವಲಾಗುತ್ತದೆ. ಅಮ್ಮನಿಗೆ ಬಲ ಕವಲು ಈಗಾಗಲೇ ಕೆಲಸ ಮಾಡುತ್ತಿಲ್ಲ. ಹೊಸ ವಾಲ್ವ್ ಒತ್ತಿ ಎಡದ್ದೂ ನಿಂತರೆ ಬಡಿತವೇ ತೀರಾ ನಿಧಾನವಾಗುತ್ತದೆ, ಪೇಸ್‌ಮೇಕರ್ ಹಾಕಬೇಕಾಗುತ್ತದೆ. ಮಾಮೂಲಿ ರೋಗಿಗಳಲ್ಲಿ ಬಲೂನಿನ ವಾಲ್ವ್ ಆದರೆ 100ಕ್ಕೆ 5ರಿಂದ 10 ಜನರಿಗೆ, ತಾನೇ ಅರಳುವುದಾದರೆ 10ರಿಂದ 20 ಜನರಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ಬಲ ಕವಲು ಹೋದವರಲ್ಲಿ ಇನ್ನೂ ಜಾಸ್ತಿ.

ಇಲ್ಲಿ ಒಂದು ಇಕ್ಕಟ್ಟು ಇದೆ. ವಾಲ್ವ್ ಕೂರುವ 380 ಚದರ ಮಿ.ಮೀ. ಬಳೆ ಸಣ್ಣದು. ನಮ್ಮ ಹೆಂಗಸರಲ್ಲಿ ಇದು ತೀರಾ ಮಾಮೂಲು. ಸಣ್ಣ ಬಳೆಗೆ ತಾನೇ ಅರಳುವ ವಾಲ್ವ್ ಹಾಕಿದರೆ ರಕ್ತ ಹರಿಯಲು ಜಾಗ ಜಾಸ್ತಿ ಸಿಗುತ್ತದೆ. 2024ರಲ್ಲಿ ಪ್ರಕಟವಾದ ಸ್ಮಾರ್ಟ್ ಪ್ರಯೋಗ, ಅದರಲ್ಲಿ ಹೆಚ್ಚಿನವರು ಹೆಂಗಸರೇ, ಇದನ್ನು ಚೆನ್ನಾಗಿ ತೋರಿಸಿತು. ಆದರೆ ಒಂದು ವರ್ಷದ ಹೊತ್ತಿಗೆ ಸಾವು, ಸ್ಟ್ರೋಕ್, ಮತ್ತೆ ಆಸ್ಪತ್ರೆಗೆ ಸೇರುವುದು, ಇವುಗಳಲ್ಲಿ ಎರಡೂ ಸರಿಸಮ. ಪೇಸ್‌ಮೇಕರ್ ಲೆಕ್ಕ ನೋಡಿದರೆ ಬಲೂನಿನದು ವಾಸಿ. ನನ್ನನ್ನು ಕೇಳಿದರೆ ಅಮ್ಮನ ವಯಸ್ಸಿಗೆ ಎರಡೂ ನಡೆಯುತ್ತದೆ. ನಿಮ್ಮ ಡಾಕ್ಟರ ಕೈ ಯಾವುದರಲ್ಲಿ ಹೆಚ್ಚು ಪಳಗಿದೆಯೋ ಅದೇ ಸರಿ. ಪೇಸ್‌ಮೇಕರ್ ಬರಬಹುದು ಎಂದು ಮನೆಯವರೆಲ್ಲ ಮೊದಲೇ ಮನಸ್ಸು ಮಾಡಿಕೊಂಡು ಹೋಗಿ. ಅದರ ಖರ್ಚನ್ನೂ ಎಸ್ಟಿಮೇಟಿನಲ್ಲಿ ಬರೆಸಿಕೊಳ್ಳಿ. ಮೂರನೇ ದಿನ ಕಾರಿಡಾರಿನಲ್ಲಿ ನಿಂತು ಮೊದಲ ಬಾರಿ ಆ ಮಾತು ಕೇಳಿದ ಮಕ್ಕಳು ಡಾಕ್ಟರು ತಪ್ಪು ಮಾಡಿದರು ಅಂದುಕೊಳ್ಳುತ್ತಾರೆ.

ಖರ್ಚು ಹತ್ತು ಲಕ್ಷ ದಾಟುತ್ತದೆ, ಅದರಲ್ಲಿ ದೊಡ್ಡ ಪಾಲು ವಾಲ್ವಿನದೇ. ಗುಜರಾತಿನ ವಾಪಿಯಲ್ಲಿ ಮೆರಿಲ್ ಕಂಪನಿ ತಯಾರಿಸುವ ಮೈವಾಲ್ ನಮ್ಮ ದೇಶದ್ದು, ಬಲೂನಿನ ಜಾತಿ. ಇಲ್ಲಿಯದು ಅಂದರೆ ಕಳಪೆ ಎಂಬ ಅನುಮಾನ ಬೇಡ. 2024ರಲ್ಲಿ ಲ್ಯಾಂಡ್‌ಮಾರ್ಕ್ ಎಂಬ ಪ್ರಯೋಗದಲ್ಲಿ ಅದನ್ನು ಅಮೆರಿಕದ ಎರಡು ಹೆಸರಾಂತ ವಾಲ್ವ್‌ಗಳ ಎದುರಿಗಿಟ್ಟು ನೋಡಿದರು, 30 ದಿನದ ಫಲಿತಾಂಶದಲ್ಲಿ ಹಿಂದೆ ಬೀಳಲಿಲ್ಲ. ಅದರಲ್ಲಿ ಒಂದೂವರೆ ಮಿ.ಮೀ. ಅಂತರದ ನಡುವಿನ ಅಳತೆಗಳೂ ಸಿಗುತ್ತವೆ. ಅಂಗಡಿಯಲ್ಲಿ ಆರು, ಏಳರ ಜೊತೆ ಆರೂವರೆ ನಂಬರಿನ ಚಪ್ಪಲಿಯೂ ಸಿಕ್ಕ ಹಾಗೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಭೇಟಿ ಮಾಡಿ. ಆಪರೇಷನ್, ಟಾವಿ ಎರಡನ್ನೂ ಬೇರೆಬೇರೆಯಾಗಿ ಕೇಳಿ, ಉತ್ತರ ಒಂದೇ ಇರಬೇಕೆಂದಿಲ್ಲ.

ಅಮ್ಮನ ಮಾತಿಗೆ ಬರುತ್ತೇನೆ. ಇದನ್ನು ಮೌಢ್ಯ ಅಂತ ತಳ್ಳಬೇಡಿ. ಅವರ ಮೈಯೊಳಗೆ ಕೂರುವ ವಸ್ತು, ತಿಳಿಯುವ ಹಕ್ಕು ಅವರದು. ಬಲೂನಿನ ವಾಲ್ವ್‌ಗಳ ಎಲೆಗಳನ್ನು ದನದ ಹೃದಯದ ಸುತ್ತಲಿನ ಪೊರೆಯಿಂದ ಮಾಡುತ್ತಾರೆ. ತಾನೇ ಅರಳುವವುಗಳಲ್ಲಿ ಕೆಲವದರಲ್ಲಿ ಹಂದಿಯದು. ರಾಸಾಯನಿಕದಲ್ಲಿ ಹದ ಮಾಡಿದ್ದು, ಜೀವಕೋಶ ಯಾವುದೂ ಬದುಕಿರುವುದಿಲ್ಲ. ಎದೆ ತೆರೆದು ಹಾಕುವ ಟಿಶ್ಯೂ ವಾಲ್ವ್ ಕೂಡ ಇದೇ ವಸ್ತುವಿನದು, ಹಾಗಾಗಿ ಆಪರೇಷನ್ ಆರಿಸಿದ ಮಾತ್ರಕ್ಕೆ ಇದು ತಪ್ಪುವುದಿಲ್ಲ. ಪ್ರಾಣಿಯ ಅಂಶ ಬೇಡವೆಂದರೆ ಉಳಿಯುವುದು ಲೋಹ, ಕಾರ್ಬನ್ನಿನ ಯಾಂತ್ರಿಕ ವಾಲ್ವ್. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ರೂಪಿಸಿದ ಚಿತ್ರಾ ವಾಲ್ವ್ 1990ರಿಂದ ಬಳಕೆಯಲ್ಲಿದೆ, ಒಳ್ಳೆಯ ವಾಲ್ವ್. ಆದರೆ ಅದನ್ನು ತೊಡೆಯಿಂದ ಹಾಕಲು ಬರುವುದಿಲ್ಲ, ಎದೆ ತೆರೆಯಲೇಬೇಕು. ಮೇಲಾಗಿ ಜೀವನಪೂರ್ತಿ ರಕ್ತ ತೆಳುಮಾಡುವ ಮಾತ್ರೆ, ರಕ್ತ ಎಷ್ಟು ತೆಳುವಾಗಿದೆ ಎಂದು ನೋಡಲು ಆಗಾಗ ಐಎನ್ಆರ್ ಪರೀಕ್ಷೆ. ಒಮ್ಮೆ ಬಿದ್ದಿರುವ, ಪಟ್ಟಣದಿಂದ ದೂರ ಇರುವ 76ರ ಹೆಂಗಸಿಗೆ ನಾನು ಅದನ್ನು ಸಲಹೆ ಮಾಡಲಾರೆ. ಇದೆಲ್ಲವನ್ನೂ ಅವರಿಗೆ ಬಿಡಿಸಿ ಹೇಳಿ. ಸುಳ್ಳು ಹೇಳಿ ಒಪ್ಪಿಸಬೇಡಿ, ಆಮೇಲೆ ತಿಳಿದರೆ ಅವರು ಮಾತ್ರೆಯನ್ನೂ ನಂಬುವುದಿಲ್ಲ. ನನ್ನ ರೋಗಿಗಳಲ್ಲಿ ಹೀಗೆ ಬೇಡ ಎಂದವರು ಹಲವರಿದ್ದರು. ಪೂರ್ತಿ ಕೇಳಿಸಿಕೊಂಡ ಮೇಲೆ ಹೆಚ್ಚಿನವರು ಒಪ್ಪಿದರು. ಒಬ್ಬರು ಒಪ್ಪಲಿಲ್ಲ. ಅವರ ತೀರ್ಮಾನಕ್ಕೂ ನಾನು ಕೈ ಮುಗಿದೆ.

ವಾಲ್ವ್ ಎಷ್ಟು ವರ್ಷ ಬಾಳುತ್ತದೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಡೆನ್ಮಾರ್ಕ್, ಸ್ವೀಡನ್ನಿನಲ್ಲಿ ನಡೆದ ನೋಷನ್ ಎಂಬ ಪ್ರಯೋಗ 10 ವರ್ಷ ಹಿಂಬಾಲಿಸಿ ನೋಡಿತು. ಆಪರೇಷನ್ನಿನ ಟಿಶ್ಯೂ ವಾಲ್ವಿಗಿಂತ ಟಾವಿ ವಾಲ್ವ್ ಬೇಗ ಹಾಳಾಗಲಿಲ್ಲ. ಅಮ್ಮನ ವಯಸ್ಸಿಗೆ ಇದು ಸಾಕಷ್ಟು ಧೈರ್ಯ ಕೊಡುವ ಮಾತು. ಆಮೇಲೆ ದಿನಕ್ಕೊಂದು ಆಸ್ಪಿರಿನ್, ಬಡಿತ ಏರುಪೇರಿನ ತೊಂದರೆ ಇಲ್ಲದಿದ್ದರೆ ಅಷ್ಟೇ.

ಈಗ ನೀವು ಮಾಡಬೇಕಾದ್ದು. ಸಿ.ಟಿ.ಯ ರಿಪೋರ್ಟ್ ಕಾಗದ ಹಿಡಿದು ಅಲೆಯಬೇಡಿ, ಪೂರ್ತಿ ಚಿತ್ರಗಳಿರುವ ಡಿಸ್ಕ್ ಪಡೆದುಕೊಳ್ಳಿ. ಟಾವಿ ಮಾಡುವ ಡಾಕ್ಟರು, ಹೃದಯದ ಸರ್ಜನ್ ಇಬ್ಬರೂ ಒಂದೇ ಟೇಬಲ್ಲಿನಲ್ಲಿ ಕೂತು ನೋಡುವ ಆಸ್ಪತ್ರೆಗೆ ಹೋಗಿ. ಎಡಗಾಲಿನ ಕ್ಯಾಲ್ಸಿಯಂ ಉಂಗುರವೋ ಲಾಳವೋ ತೋರಿಸಿ ಎಂದು ಕೇಳಿ. ನಾಳ ಹರಿದರೆ ಆ ಹೊತ್ತಿಗೆ ರಕ್ತನಾಳದ ಸರ್ಜನ್ ಎಲ್ಲಿರುತ್ತಾರೆ ಎಂದೂ ಕೇಳಿ. "ಫೋನ್ ಮಾಡಿದರೆ ಬರುತ್ತಾರೆ" ಎಂಬ ಉತ್ತರ ನನಗಂತೂ ಸಾಲದು. ಹಲ್ಲು ಹುಳುಕಿದ್ದರೆ ದಂತವೈದ್ಯರಿಗೆ ಈಗಲೇ ತೋರಿಸಿ, ಹೃದಯದ ರಿಪೋರ್ಟ್ ಜೊತೆ ಒಯ್ಯಿರಿ. ಹೊಸ ವಾಲ್ವಿಗೆ ಸೋಂಕು ಬಾಯಿಂದಲೂ ಹೋಗುತ್ತದೆ. ಅಲ್ಲಿಯವರೆಗೆ ಅಮ್ಮ ನೀರು ಸೇದುವುದು, ತೋಟದ ಏರು ಹತ್ತುವುದು ಬೇಡ. ಮತ್ತೊಮ್ಮೆ ಕಣ್ಣು ಕತ್ತಲೆ ಬಂದರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡಿ, ಅವತ್ತೇ ಹೊರಡಿ.